ನೀರಿನಡಿಯ ಹನ್ನೆರಡು ದೀಪ

ಸಾಗರದ ಸುಮನಾ ಎರಡು ವರ್ಷ ಕೂತು ಒಂದು ಆಟ ಕಟ್ಟಿದ್ದಳು. ಫೋನಿನಲ್ಲಿ ಆಡುವ ಆಟ. ಹಿನ್ನೀರಿನ ಲಾಂಚಿಗೆ ದನ, ಬೈಕು, ಗ್ಯಾಸ್ ಸಿಲಿಂಡರು, ಮದುವೆ ದಿಬ್ಬಣ ಎಲ್ಲವನ್ನೂ ಹತ್ತಿಸಿ, ಒಂದು ಕಡೆಗೆ ವಾಲದ ಹಾಗೆ ಆಚೆ ದಡ ಮುಟ್ಟಿಸಬೇಕು. ತೂಕ ತಪ್ಪಿತೋ, ಮೊದಲು ಮದುಮಗನೇ ನೀರಿಗೆ. ಹೊನ್ನೆಮರಡಿನ ಅವಳ ಅಜ್ಜಿ ಕನ್ನಮ್ಮ ಆಡಲು ಕೂತವಳು ಬೇಕೆಂತಲೇ ಮೂರು ಸಲ ಮದುಮಗನನ್ನು ಮುಳುಗಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಇಂಥ ಆಟವನ್ನು ಯಾರೂ ಬರಿಗೈಯಲ್ಲಿ ಕಟ್ಟುವುದಿಲ್ಲ. ಅದಕ್ಕೆಂದೇ ಎಂಜಿನ್ ಎಂಬ ದೊಡ್ಡ ತಂತ್ರಾಂಶಗಳಿವೆ. ನೀರು ಅಲುಗಿಸುವುದು, ನೆರಳು ಬೀಳಿಸುವುದು, ಭಾರ ತೂಗಿಸುವುದು ಎಲ್ಲ ಅವುಗಳ ಕೆಲಸ. ಸುಮನಾಳ ಕೈ ಕುದುರಿದ್ದು ಯೂನಿಟಿಯಲ್ಲಿ. ಅವಳ ಗೆಳತಿ, ತೀರ್ಥಹಳ್ಳಿಯ ಯಶಸ್ವಿನಿಗೆ ಅನ್‌ರಿಯಲ್ ಎಂದರೆ ಪ್ರಾಣ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ, ಮೊದಲಿಂದ ಬರೆಯಬೇಕು. ಐದು ವರ್ಷದ ಸ್ನೇಹದಲ್ಲಿ ಇಬ್ಬರೂ ಕಿತ್ತಾಡಿದ್ದು ಇದೊಂದಕ್ಕೇ.

"ನಿನ್ ಅನ್‌ರಿಯಲ್ ಲಾರಿ ಕಣೇ, ನಮ್ ಓಣೀಲಿ ತಿರುಗಲ್ಲ" ಎಂದು ಇವಳು. "ನಿನ್ ಯೂನಿಟಿ ಆಟೋ ಮಾರಾಯ್ತಿ, ಅದ್ರಲ್ಲಿ ಎಂತ ಚಂದ ಇದೆ?" ಎಂದು ಅವಳು. ಇಬ್ಬರೂ ಅವರವರ ಮನೆಯಲ್ಲೇ ಕೂತು ಕೆಲಸ ಮಾಡುವವರು. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ನಡುವಿನ ಹೊಸನಗರದಲ್ಲಿ ಇಳಿದು, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಆ ಜಗಳವನ್ನು ಮುಂದುವರಿಸುತ್ತಿದ್ದರು.

ಸಾಗರದಲ್ಲಿ ಪುಟ್ಟ ಗೇಮ್ ಕಂಪನಿ ಇಟ್ಟಿದ್ದ ಗಿರಿಧರ ಸುಮನಾಳ ಆಟವನ್ನು ಹೊರತರಲು ಒಪ್ಪಿದ. ಆದರೆ ಒಂದು ಷರತ್ತು ಹಾಕಿದ. ಆಟದ ಮೊದಲ ಘಟ್ಟವನ್ನು ಎರಡೂ ಎಂಜಿನ್ನಿನಲ್ಲಿ ಹೊಸದಾಗಿ ಮಾಡಿ, ಒಂದು ಅಗ್ಗದ ಫೋನಿನಲ್ಲಿ ಓಡಿಸಿ ನೋಡಬೇಕು. ಸೆಕೆಂಡಿಗೆ ಹೆಚ್ಚು ಚಿತ್ರ ತೋರಿಸಿ ನುಣ್ಣಗೆ ಓಡುವ ಎಂಜಿನ್ನೇ ಖಾಯಂ. ಆ ಎಂಜಿನ್ ಬಲ್ಲವಳೇ ಮುಂದಾಳು, ಇನ್ನೊಬ್ಬಳಿಗೆ ಸದ್ಯಕ್ಕೆ ಕೆಲಸವಿಲ್ಲ. ಅಂದರೆ, ಅನ್‌ರಿಯಲ್ ಗೆದ್ದರೆ ಸುಮನಾಳ ಎರಡು ವರ್ಷದ ಕೋಡ್ ಕಸ, ಅವಳ ಆಟ ಇನ್ನೊಬ್ಬಳ ಕೈಗೆ.

ಆಗ ನಮ್ಮ ಸುಮನಾಳಿಗೆ ಒಂದು ಉಪಾಯ ಹೊಳೆಯಿತು. ಹೊಳೆಯದೇ ಇದ್ದರೆ ಚೆನ್ನಾಗಿತ್ತು.

"ಅವರವರ ಎಂಜಿನ್ ಅವರವರೇ ಮಾಡಿದ್ರೆ ಪಕ್ಷಪಾತ ಆಗ್ತದೆ. ಮುಯ್ಯಾಳು ಮಾಡಣ. ನಿನ್ ಅನ್‌ರಿಯಲ್ದು ನಾನ್ ಮಾಡ್ತೀನಿ, ನನ್ ಯೂನಿಟೀದು ನೀನ್ ಮಾಡು. ಯಾರೇ ಗೆದ್ರೂ ಇಬ್ರೂ ಒಟ್ಟಿಗೇ ಕೆಲ್ಸ ಮಾಡಣ, ಗಿರಿಧರ ಸರ್‌ಗೆ ನಾನ್ ಹೇಳ್ತೀನಿ."

ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ನಟ್ಟಿಗೆ ಹೋಗುವ ಮುಯ್ಯಿ ಎರಡೂ ಮನೆಗಳಿಗೆ ಗೊತ್ತಿದ್ದದ್ದೇ. ಸುಮನಾಳ ತಾಯಿ ಕೆರಿಯಮ್ಮನಂತೂ ಅದರಲ್ಲಿ ಬಲು ಕಟ್ಟುನಿಟ್ಟು. "ಮುಯ್ಯಿಗೆ ಹೋದಲ್ಲಿ ನಮ್ ಗದ್ದೆಗಿಂತ ಒಂದು ಕೈ ಮೇಲಾಗೇ ಮಾಡ್ಬೇಕು. ಇಲ್ದಿದ್ರೆ ನಾಳೆ ಮುಖ ತೋರ್ಸಕ್ಕಾಗಲ್ಲ" ಎನ್ನುವವಳು. ಯಶಸ್ವಿನಿ ನಕ್ಕು ಒಪ್ಪಿದಳು, ಈ ಅದಲುಬದಲಿಗೆ ಗಿರಿಧರನೂ ಹೂಂ ಎಂದ. ಆದರೆ ಗದ್ದೆಯಲ್ಲಿ ಸಾಲು ಸೊಟ್ಟಗಾದರೆ ದಾರಿಯಲ್ಲಿ ಹೋಗುವವನೂ ನಿಂತು ಬೈಯುತ್ತಾನೆ. ಕಂಪ್ಯೂಟರಿನ ಒಳಗೆ ಇಣುಕುವವರು ಯಾರು? ಇಷ್ಟು ಓದಿದ ಹುಡುಗಿಗೆ ಅದೊಂದು ಹೊಳೆಯಲಿಲ್ಲ.

ಸುಮನಾ ಒಂದು ತಿಂಗಳು ಗಾಣದೆತ್ತಿನ ಹಾಗೆ ದುಡಿದಳು. ಅನ್‌ರಿಯಲ್ ಅಗ್ಗದ ಫೋನಿಗೆ ಭಾರದ್ದು. ಅದರ ಥಳಕಿನ ಬೆಳಕನ್ನೆಲ್ಲ ಆರಿಸಿದಳು. ನೆರಳುಗಳನ್ನು ಮೊದಲೇ ಬಳಿದಿಟ್ಟಳು. ದಡದ ನೂರಾರು ಮರಗಳನ್ನು ಒಟ್ಟುಗೂಡಿಸಿದಳು. ನೀರಿಗೆ ಮಾತ್ರ ಎಲ್ಲೂ ಇಲ್ಲದ ಒಂದು ಉಪಾಯವನ್ನು ತಾನೇ ಕಂಡುಹಿಡಿದಳು. ಸೆಕೆಂಡಿಗೆ ಒಂಬತ್ತು ಚಿತ್ರದಲ್ಲಿ ತೆವಳುತ್ತಿದ್ದದ್ದು ಮೂವತ್ತೊಂದಕ್ಕೆ ಏರಿತು. ತನ್ನ ವಿರುದ್ಧವೇ ತಾನು ಗೆಯ್ಯುತ್ತಿದ್ದೇನೆ ಎಂಬ ಯೋಚನೆ ಒಂದು ದಿನವೂ ಬರಲಿಲ್ಲ. ಬುಧವಾರ ಹೊಸನಗರದಲ್ಲಿ ಸಿಕ್ಕಾಗ ಫೋನನ್ನು ಯಶಸ್ವಿನಿಯ ಮೂಗಿನ ಕೆಳಗೇ ಹಿಡಿದಳು.

"ನೋಡೇ, ನಿನ್ ಲಾರಿ! ಮೂವತ್ತೊಂದು!"

"ಅಬ್ಬಾ, ಎಂತ ಮಾಡಿದ್ಯೇ!" ಎಂದು ಯಶಸ್ವಿನಿ ಅವಳನ್ನು ತಬ್ಬಿಕೊಂಡಳು. ಅವಳ ಕೆಲಸ ಎಲ್ಲಿಗೆ ಬಂತೆಂದು ಸುಮನಾ ಕೇಳಿದರೆ, "ಇನ್ನೂ ಸ್ವಲ್ಪ ಇದೆ" ಎಂದಳು.

ಭಾನುವಾರ ಅದೇ ಬಸ್‌ಸ್ಟ್ಯಾಂಡಿನಲ್ಲಿ, ಗಿರಿಧರನ ಎದುರಿಗೆ, ಬಸ್ಸಿಗೆ ಕಾಯುತ್ತಿದ್ದವರ ಕೈಗೆ ಫೋನ್ ಕೊಟ್ಟು ಎರಡನ್ನೂ ಆಡಿಸಿದರು. ಯಾವುದು ಯಾವ ಎಂಜಿನ್ ಎಂದು ಯಾರಿಗೂ ಹೇಳಲಿಲ್ಲ. ಸಂತೆಚೀಲ ಹಿಡಿದ ಹುಲಿಯಮ್ಮ ಎಂಬ ಮುದುಕಿ ಯೂನಿಟಿಯದನ್ನು ಆಡಿ, "ಇದೇನವ್ವ, ಎಮ್ಮೆ ಎದ್ದಂಗೆ ಏಳ್ತದೆ" ಎಂದು ಫೋನನ್ನು ವಾಪಸು ಕೊಟ್ಟಳು. ಯೂನಿಟಿಯದು ಹದಿನೆಂಟು, ಅನ್‌ರಿಯಲ್‌ದು ಮೂವತ್ತೊಂದು. ಗೆದ್ದದ್ದು ಯಶಸ್ವಿನಿಯ ಎಂಜಿನ್, ಗಿರಿಧರ ಅಲ್ಲೇ ಅವಳ ಕೈ ಕುಲುಕಿದ. ಸೋಲು ಸೋಲೇ ಎಂದು ಸುಮನಾ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಸೋತದ್ದು ಎಲ್ಲಿ ಎಂದು ತಿಳಿಯದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಯಶಸ್ವಿನಿ ಮಾಡಿದ ಯೂನಿಟಿಯ ಕಡತವನ್ನು ತೆರೆದಳು. ಎಲ್ಲ ಅಚ್ಚುಕಟ್ಟಾಗಿತ್ತು. ಕೊನೆಗೆ ನೀರನ್ನು ಮರೆಮಾಡಿ ಹೊಳೆಯ ತಳ ನೋಡಿದರೆ ಅಲ್ಲಿ ಹನ್ನೆರಡು ದೀಪ. ಆಡುವವರಿಗೆ ಒಂದೂ ಕಾಣುವುದಿಲ್ಲ, ಆದರೆ ಹನ್ನೆರಡೂ ನೆರಳು ಬೀಳಿಸುತ್ತಿದ್ದವು. ಪ್ರತಿ ಚಿತ್ರಕ್ಕೂ ಆ ನೆರಳನ್ನೆಲ್ಲ ಲೆಕ್ಕ ಹಾಕುತ್ತಾ ಪಾಪದ ಫೋನು ಏದುಸಿರು ಬಿಡುತ್ತಿತ್ತು.

"ತೆಗೆಯಕ್ಕೆ ಮರ್ತಿರ್ಬೇಕು, ಪಾಪ" ಎಂದುಕೊಂಡಳು. ನೋಡಿ, ಆಗಲೂ ಪಾಪ ಎಂದೇ ಅಂದದ್ದು!

ಆಮೇಲೆ ಕಡತದ ಚರಿತ್ರೆ ನೋಡಿದಳು. ಯಾರು ಯಾವಾಗ ಏನು ಬದಲಿಸಿದರು ಎಂಬುದು ಅಲ್ಲಿ ತಾನಾಗಿ ದಾಖಲಾಗಿರುತ್ತದೆ. ಹಿಂದಿನ ವಾರದ ಮಂಗಳವಾರ ಯಶಸ್ವಿನಿಯೇ ಬರೆದಿಟ್ಟಿದ್ದಳು: "ಮುಗಿಯಿತು. ಫೋನಿನಲ್ಲಿ ಮೂವತ್ತೆಂಟು." ದೀಪಗಳು ಬಂದದ್ದು ಮರುದಿನ, ಬುಧವಾರ ಸಂಜೆ. ಮೂವತ್ತೊಂದನ್ನು ನೋಡಿ, ತಬ್ಬಿಕೊಂಡು, ಬಸ್ಸು ಹತ್ತಿ ಮನೆಗೆ ಹೋದ ಮೇಲೆ.

ಯಶಸ್ವಿನಿ ಮೊದಲಿಂದಲೇ ಕೆಟ್ಟದಾಗಿ ಮಾಡಿದ್ದರೆ ಅವಳಿಗೆ ಕೆಲಸ ಬರಲಿಲ್ಲ ಅನ್ನಬಹುದಿತ್ತು. ಒಂದು ಕೈ ಮೇಲಾಗೇ ಮಾಡಿ, ಆಮೇಲೆ ತನ್ನ ಕೈಯಾರೆ ಹಾಳುಮಾಡಿದ್ದಳು. ಕೋಲು ಕೊಟ್ಟು ಏಟು ತಿನ್ನುವುದು ಎಂದರೆ ಇದೇ ಅಲ್ಲವೇ?

ಶನಿವಾರ ಹೊಸನಗರದ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಯಶಸ್ವಿನಿ ಮೊದಲು ಲೋಟದ ಕಡೆ ನೋಡಿದಳು, ಆಮೇಲೆ ಅತ್ತಳು.

"ನಿಂಗಾದ್ರೆ ನಿನ್ ಆಟ ಇತ್ತು ಸುಮನಾ. ನಂಗೆ ಎಂತ ಇತ್ತು? ಸೋತಿದ್ರೆ ನಾನು ಮನೇಲಿ ಕೂರ್ಬೇಕಿತ್ತು."

"ಯಾರ್ ಗೆದ್ರೂ ಒಟ್ಟಿಗೇ ಅಂದಿರ್ಲಿಲ್ವೇನೇ?"

"ಎಲ್ರೂ ಹಂಗೇ ಹೇಳ್ತಾರೆ. ನಂಬಕ್ಕೆ ಆಗ್ಲಿಲ್ಲ."

ಐದು ವರ್ಷದಲ್ಲಿ ಯಾವತ್ತಾದರೂ ಮಾತು ತಪ್ಪಿದ್ದೆನಾ ಎಂದು ಸುಮನಾಳಿಗೆ ಕೇಳಬೇಕೆನಿಸಿತು, ಬದಲಿಗೆ ಲ್ಯಾಪ್‌ಟಾಪ್ ಮುಚ್ಚಿದಳು. ಯಶಸ್ವಿನಿ ಅವಳ ಕೈ ಹಿಡಿದುಕೊಂಡಳು. "ಸೋಮವಾರ ನಾನೇ ಗಿರಿಧರ ಸರ್ ಹತ್ರ ಹೇಳ್ತೀನಿ. ನೀನ್ ಹೇಳಿದ್ರೆ ನನ್ ಮರ್ಯಾದೆ ಹೋಗ್ತದೆ. ಅಷ್ಟು ಮಾತ್ರ ಬಿಟ್ಕೊಡೇ." ಸುಮನಾ ಬಿಟ್ಟುಕೊಟ್ಟಳು. ಹೌದು, ಒಮ್ಮೆ ಸುಟ್ಟ ಕೈಯನ್ನೇ ಮತ್ತೆ ಒಲೆಗೆ ಇಟ್ಟಳು.

ಸೋಮವಾರ ಸಾಗರದ ಆಫೀಸಿಗೆ ಹೋದಾಗ ಗಿರಿಧರ ಕೂರು ಎಂದೂ ಹೇಳಲಿಲ್ಲ.

"ಯಶಸ್ವಿನಿ ನಿನ್ನೇನೇ ಫೋನ್ ಮಾಡಿದ್ಲು."

ಸುಮನಾಳಿಗೆ ಜೀವ ಬಂದಂತಾಯಿತು. ಹೇಳಿದಳಲ್ಲ, ಕೊನೆಗೂ ಹೇಳಿದಳಲ್ಲ!

"ಸೋತಿದ್ದಕ್ಕೆ ನೀನು ಇಷ್ಟು ಕೆಳಗಿಳೀಬಾರ್ದಿತ್ತು" ಎಂದ ಅವನು. "ಅವಳ ಕಡತಕ್ಕೆ ನೀನೇ ದೀಪ ಸೇರ್ಸಿ, ತಾರೀಕು ತಿದ್ದಿ, ಅವಳ ಹೆಸರು ಹಾಕಿದೀಯಂತೆ. ಒಂದು ಗಂಟೆ ಅತ್ಲು ಪಾಪ."

"ಸರ್, ಶನಿವಾರ ಅವ್ಳೇ ಒಪ್ಕೊಂಡಿದಾಳೆ. ಚರಿತ್ರೆ ಇದೆ ನೋಡಿ."

"ತಾರೀಕು ತಿದ್ದಬಹುದೋ ಇಲ್ವೋ? ಅಷ್ಟು ಹೇಳು."

ತಿದ್ದಬಹುದು. ಅದು ಕಲಿತವರೆಲ್ಲರಿಗೂ ಗೊತ್ತು. ಸುಳ್ಳು ಹೇಳಲು ಬಾರದ ಸುಮನಾ ತಲೆಯಾಡಿಸಿದಳು, ಅಲ್ಲಿಗೆ ಅವಳ ಸಾಕ್ಷಿಯೂ ಮುಗಿಯಿತು.

"ಆಟ ನಂದು ಸರ್. ನಾನ್ ಕೊಡಲ್ಲ."

"ನಿನ್ ಕೋಡ್ ನೀನೇ ಇಟ್ಕೋ. ಅನ್‌ರಿಯಲ್ದು ನಮ್ ಹತ್ರ ಇದೆ. ಲಾಂಚು ಯಾರಪ್ಪಂದೂ ಅಲ್ಲ, ಸರ್ಕಾರದ್ದು" ಎಂದು ಗಿರಿಧರ ಕಂಪ್ಯೂಟರಿನ ಕಡೆ ತಿರುಗಿದ.

ಅವಳ ಎರಡು ವರ್ಷ ಹೀಗೆ ಒಂದು ಮಾತಿನಲ್ಲಿ ಹೋಯಿತು. ಅದೂ ಅವಳೇ ಕಟ್ಟಿಕೊಟ್ಟದ್ದರಿಂದ ಹೋಯಿತು. ಮೆಟ್ಟಿಲು ಇಳಿಯುವಾಗ ಚೀಲದಲ್ಲಿ ಫೋನ್ ಸದ್ದಾಯಿತು. ಯಶಸ್ವಿನಿಯ ಮೆಸೇಜು.

"ಬೈಬೇಡ ಕಣೇ, ಬೇರೆ ದಾರಿ ಇರ್ಲಿಲ್ಲ. ಅನ್‌ರಿಯಲ್‌ನಲ್ಲಿ ನೀರನ್ನ ಹೆಂಗೆ ಹಗುರ ಮಾಡಿದ್ದೆ? ಎರಡನೇ ಘಟ್ಟ ಸೇರ್ಸಿದ ಕೂಡ್ಲೇ ಹನ್ನೊಂದಕ್ಕೆ ಬಿತ್ತು. ಸರ್ ಇವತ್ತೇ ಕೇಳ್ತಿದಾರೆ."

ಹೇಳಿದರೆ ನಾಚಿಕೆಗೇಡು, ಸುಮನಾಳ ಬೆರಳುಗಳು ಉತ್ತರ ಬರೆಯಲು ಶುರುಮಾಡಿಯೇಬಿಟ್ಟವು. ಐದು ವರ್ಷದಿಂದ ಗೆಳತಿ ಕೇಳಿದಾಗಲೆಲ್ಲ ಹೇಳಿಕೊಟ್ಟೇ ಅಭ್ಯಾಸ. ನಾಲ್ಕನೆಯ ಸಾಲಿಗೆ ಬರುವಾಗ ತಾನು ಮಾಡುತ್ತಿರುವುದು ಅರಿವಿಗೆ ಬಂದು, ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರು ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ವೇಲಿನಿಂದ ಮುಖ ಒರೆಸಿಕೊಂಡು ನಾಲ್ಕೂ ಸಾಲನ್ನು ಅಳಿಸಿ, ಎರಡೇ ಮಾತು ಬರೆದು ಕಳಿಸಿದಳು:

"ಗೊತ್ತು. ಹೇಳೋದಿಲ್ಲ."