ಕೆಂಪಾರುವ ಮೊದಲೇ

ಕೊಕ್ಕೆ ಕಾರ್ಖಾನೆಯ ಎರಡನೇ ಕರೆಂಟ್ ಕುಲುಮೆ ಹೊತ್ತಿತೆಂದರೆ ಇಡೀ ಓಣಿಯ ದೀಪ ಮಂಕಾಗುತ್ತಿತ್ತು, ನೀರಿನ ಮೋಟಾರ್ ನಿಲ್ಲುತ್ತಿತ್ತು. ಅಕ್ಕಪಕ್ಕದವರು ದೂರು ಕೊಟ್ಟರು. ಕರೆಂಟ್ ಆಫೀಸಿನವರು ಬಂದು, "ಇನ್ಮೇಲೆ ಒಂದು ಸಲಕ್ಕೆ ಒಂದೇ ಕುಲುಮೆ" ಎಂದು ಹೇಳಿಹೋದರು.

ಅಂದಿನಿಂದ ಯಜಮಾನರು ಕಾಲು ಸುಟ್ಟ ಬೆಕ್ಕಿನಂತೆ ಓಡಾಡತೊಡಗಿದರು. ಟ್ರೇಲರ್ ಎಳೆಯುವ ಉಕ್ಕಿನ ಕೊಕ್ಕೆಯನ್ನು ಬಡಿದು, ನೆಲಕ್ಕೆ ಹಾಕಿ ಆರಿಸಿ, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡುಸು ಮಾಡುವುದು ಅವರಪ್ಪನ ಕಾಲದ ಪದ್ಧತಿ. ಒಂದೇ ಕುಲುಮೆಯಲ್ಲಿ ಇಷ್ಟಕ್ಕೆಲ್ಲ ಹೊತ್ತೆಲ್ಲಿ?

ಅವರ ಸೊಸೆ ಉಕ್ಕು ಪರೀಕ್ಷಿಸುವ ಲ್ಯಾಬಿನಲ್ಲಿದ್ದಳು. "ಮಾವ, ಕಾದ ಹಾಲನ್ನ ಆರಿಸಿ ಮತ್ತೆ ಯಾಕೆ ಕಾಯಿಸ್ತೀರಿ? ಬಡಿದ ಬಿಸಿ ಇರುವಾಗ್ಲೇ ಎಣ್ಣೆಗೆ ಹಾಕೋಣ. ಆಮೇಲೆ ಎಂದಿನಂತೆ ಕಡಿಮೆ ಬಿಸಿಯಲ್ಲಿಟ್ಟು, ಮುರಿಯದ ಹಾಗೆ ಹದ ಮಾಡಿದ್ರೆ ಆಯ್ತು. ನಡುವೆ ಮತ್ತೆ ಕೆಂಪಗೆ ಕಾಯಿಸೋ ಕೆಲಸ ಉಳಿಯುತ್ತೆ."

"ಹೇಳೋದು ಸುಲಭ ಕಣಮ್ಮ. ಕೊಕ್ಕೆ ಮುರಿದು ನನ್ನ ತಮ್ಮನ ಕಾಲು ಹೋಗಿದ್ದು ನೀನು ನೋಡಿಲ್ಲ."

ಅಲ್ಲೇ ಇದ್ದ ಅತ್ತೆ ಬಿಡಲಿಲ್ಲ. "ಅದನ್ನ ಪರೀಕ್ಷೆ ಮಾಡದೆ ಕಳಿಸಿದ್ರಿ. ಇದನ್ನ ಮುರಿದು ನೋಡಿ, ಆಮೇಲೆ ಬೈರಿ."

ಮರುದಿನ ಹತ್ತು ಕೊಕ್ಕೆ ಮಾಡಿದರು. ಲ್ಯಾಬಿನಲ್ಲಿ ಮೂರು ಮೆತ್ತಗೆ ಬಂದವು.

"ನಾನು ಹೇಳಲಿಲ್ವಾ?" ಎಂದರು ಮಾವ. ಗೆದ್ದ ಸಮಾಧಾನ ಮಾತ್ರ ಮುಖದಲ್ಲಿರಲಿಲ್ಲ.

"ಬಿಸಿ ಅಳೆಯೋ ಗನ್ ಹಿಡಿದು ಬರ್ಕೊಂಡಿದ್ದೀನಿ ಮಾವ. ಆ ಮೂರೂ ಎಣ್ಣೆ ಮುಟ್ಟೋ ಹೊತ್ತಿಗೆ ಆರಿದ್ವು."

ಯಜಮಾನರಿಗೆ ಕೂತರೆ ನಿಂತರೆ ನೆಮ್ಮದಿಯಿಲ್ಲ. ಊಟದ ತಟ್ಟೆ ಬಿಟ್ಟೆದ್ದು ಸುತ್ತಿಗೆ ಯಂತ್ರಕ್ಕೂ ಎಣ್ಣೆ ತೊಟ್ಟಿಗೂ ನಡುವೆ ಹೋದರು, ಬಂದರು, ಮತ್ತೆ ಹೋದರು. ಇಪ್ಪತ್ತೆರಡು ಹೆಜ್ಜೆ. ತಟ್ಟನೆ ನಿಂತು ಕೆಲಸದವರನ್ನು ಕೂಗಿದರು: "ಬನ್ರಪ್ಪಾ, ಈ ತೊಟ್ಟೀನ ಯಂತ್ರದ ಮಗ್ಗುಲಿಗೆ ಎಳೀರಿ."

ಈ ಸಲ ಪ್ರತಿ ಕೊಕ್ಕೆಯ ಬಿಸಿಯನ್ನೂ ಅವರೇ ಅಳೆದರು. ಆರಿದ್ದನ್ನು ಹಳೇ ಪದ್ಧತಿಗೆಂದು ಪಕ್ಕಕ್ಕಿಟ್ಟರು. ಹದ ಮಾಡಿದ ಮೇಲೆ ಲ್ಯಾಬಿನಲ್ಲಿ ಎಲ್ಲವೂ ಒಂದೇ ಗಡುಸು, ಎಲ್ಲೂ ಬಿರುಕಿಲ್ಲ. ಆದರೂ ಇನ್ನೆರಡು ಸಲ ಮುರಿದು ನೋಡುವವರೆಗೆ ಒಂದನ್ನೂ ಹೊರಗೆ ಬಿಡಲಿಲ್ಲ. ಮೂರನೇ ಫಲಿತಾಂಶ ಬಂದ ದಿನ, "ನಿನ್ನ ದಾರೀನೇ ಸರಿ ಕಣಮ್ಮ. ಆದ್ರೆ ಗನ್ ನನ್ನ ಕೈಲೇ ಇರ್ಲಿ" ಎಂದರು.

ಉಕ್ಕು ಬಡಿಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲೂ ಕೆಂಪು ತುಂಡು ನೆಲಕ್ಕೆ ಬಿದ್ದು ಆರುತ್ತಿದೆಯೇ? ಎಲ್ಲ ಉಕ್ಕಿಗೂ, ಎಲ್ಲ ಆಕಾರಕ್ಕೂ ಈ ವಿಧಾನ ಒಗ್ಗುವುದಿಲ್ಲ. ಹತ್ತಿರದ ಲ್ಯಾಬಿನವರನ್ನು ಕೇಳಿ. ಹತ್ತೇ ತುಂಡು ಮಾಡಿ, ಮುರಿದು ನೋಡಿ, ಆಮೇಲೆ ನಂಬಿ.