ಹೊಳೆಯ ಕಡೆಗೊಂದು ಕಿಟಕಿ

ಇಸ್ತ್ರಿ ಅಜ್ಜಿಗೆ ಹೊಸ ಮನೆ ಹಿಡಿಸಲಿಲ್ಲವಂತೆ ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ ಅಜ್ಜಿಯ ಕಿವಿಗೇ ಬಂದು ಬಿತ್ತು. ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಬೆಳೆದಿದ್ದವು. ಅಜ್ಜಿ ಮನೆ ಕಟ್ಟಿಕೊಟ್ಟ ಚರ್ಚಿನವರಿಗೆ ಬಾಯಿಗೆ ಬಂದ ಹಾಗೆ ಬೈದಳಂತೆ, ಬೀಗದ ಕೈಯನ್ನು ಅವರ ಮುಖಕ್ಕೇ ಎಸೆದಳಂತೆ. ಬೀಗದ ಕೈಯನ್ನು ಇನ್ನೂ ಯಾರೂ ಕೊಟ್ಟೇ ಇರಲಿಲ್ಲ, ಎಸೆಯುವುದು ಎಲ್ಲಿಂದ ಬಂತು? ಆಕೆ ಕೇಳಿದ್ದು ಒಂದೇ ಮಾತು. "ಹಿಂದಿನ ಗೋಡೆಗೆ ಕಿಟಕಿ ಎಲ್ಲಿ?"

ಹೊಳೆ ಉಕ್ಕಿ ಇಡೀ ಬೀದಿಯನ್ನು ಬಾಚಿಕೊಂಡು ಹೋದ ಮೇಲೆ ಸಹಾಯಕ್ಕೆ ಬಂದವರೇನು ಕಡಿಮೆ ಇರಲಿಲ್ಲ. ಫೋಟೊ ತೆಗೆಸಿಕೊಂಡು ಹೋದವರಿದ್ದರು, ಹಳೆ ಬಟ್ಟೆಯ ಗಂಟು ಎಸೆದು ಹೋದವರಿದ್ದರು. ಉಳಿದುಕೊಂಡವರು ಗುಡ್ಡದಾಚೆಯ ಚರ್ಚಿನವರು ಮಾತ್ರ. ವಾರಕ್ಕೊಂದು ತಂಡ ಬಸ್ಸಿನಲ್ಲಿ ಬಂದಿಳಿಯುತ್ತಿತ್ತು. ಬ್ಯಾಂಕಿನವರು, ಟೀಚರುಗಳು, ಬೇಕರಿಯವರು, ಜನ್ಮದಲ್ಲಿ ಗಾರೆ ಕೆಲಸದ ಕರಣೆ ಹಿಡಿಯದವರು. ಬೆಳಿಗ್ಗೆ ಕೈ ಕೈ ಹಿಡಿದು ಸುತ್ತ ನಿಂತು ಪ್ರಾರ್ಥನೆ ಮಾಡುವರು, ಆಮೇಲೆ ಸಿಮೆಂಟು ಕಲಸುವರು. ಮೊದಮೊದಲು ಅವರು ಕಟ್ಟಿದ ಗೋಡೆ ನೋಡಿ ಪಕ್ಕದ ಪಂಕ್ಚರ್ ಅಂಗಡಿಯವನು, "ಇದನ್ನ ಯಾರಾದ್ರೂ ಕೈಹಿಡಿದು ಮನೆಗೆ ಬಿಟ್ಟು ಬರ್ರಪ್ಪ, ತುಂಬಾ ಕುಡಿದಿದೆ" ಅಂದಿದ್ದ. ಅವರು ನಕ್ಕು, ಕೆಡವಿ, ಮತ್ತೆ ಕಟ್ಟಿದರು. ಅದಕ್ಕೇ ಅಜ್ಜಿಗೆ ಅವರ ಮೇಲೆ ಪ್ರೀತಿ. ಕೆಸರಿನಲ್ಲಿ ಹೂತುಹೋಗಿದ್ದ ಅವಳ ಇದ್ದಿಲ ಇಸ್ತ್ರಿ ಪೆಟ್ಟಿಗೆಯನ್ನು ಹುಡುಕಿ, ತೊಳೆದು, ಎಣ್ಣೆ ಸವರಿ ತಂದುಕೊಟ್ಟವರೂ ಅವರೇ.

ತಂಡದ ಯಜಮಾನಿಕೆ ಒಬ್ಬ ಹಲ್ಲಿನ ಡಾಕ್ಟರದು. ಕ್ಲಿನಿಕ್ಕಿಗೆ ಬೀಗ ಜಡಿದು ಬಂದ ಮನುಷ್ಯ. ವಾರ ವಾರವೂ ತಂಡ ಬದಲಾಗುತ್ತಿತ್ತು, ಡಾಕ್ಟರು ಮಾತ್ರ ಇಲ್ಲೇ ಟೆಂಟು ಹಾಕಿಕೊಂಡು ಇದ್ದುಬಿಟ್ಟಿದ್ದರು.

ಆ ಚರ್ಚಿನವರದೊಂದು ಪದ್ಧತಿ. ಬರಲಾಗದವರು, ಅಂದರೆ ಮುದುಕರು, ಬಾಣಂತಿಯರು, ಹಾಸಿಗೆ ಹಿಡಿದವರು, ತಮ್ಮ ಬದಲಿಗೆ ಒಂದೊಂದು ಇಟ್ಟಿಗೆ ಕಳಿಸುತ್ತಿದ್ದರು. ಇಟ್ಟಿಗೆಯ ಮೇಲೆ ಬಣ್ಣದಲ್ಲಿ ಅವರ ಹೆಸರು, ಕೆಳಗೆ ಒಂದು ಸಾಲು ಪ್ರಾರ್ಥನೆ. ಅವನ್ನೆಲ್ಲ ಪ್ರತಿ ಮನೆಯಲ್ಲೂ ಹೊಳೆಯ ಕಡೆಯ ಗೋಡೆಗೇ ಇಡಬೇಕು, ಮತ್ತೆ ನೀರು ಬಂದರೆ ಮೊದಲು ಪ್ರಾರ್ಥನೆಯೇ ಅದಕ್ಕೆ ಎದುರಾಗಲಿ ಎಂದು. ಆ ಗೋಡೆಗೆ ಕಿಟಕಿ ಬೇಡ, ನೊಂದ ಜನ ಆ ಹೊಳೆಯ ಮುಖ ಮತ್ತೆ ನೋಡುವಂತಾಗಬಾರದು ಎಂದೂ ಅವರೇ ತೀರ್ಮಾನಿಸಿದ್ದರು. ಮನಸ್ಸೇನೋ ಚಿನ್ನದಂಥದ್ದು. ಆದರೆ ಮನೆಯಲ್ಲಿ ಇರುವವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅಜ್ಜಿಯ ಹಳೆ ಮನೆಗೂ ಆ ಕಡೆ ಕಿಟಕಿ ಇರಲಿಲ್ಲ. ನೀರು ಬೆನ್ನ ಹಿಂದಿನಿಂದ ಬಂತು. ಹಿಂದಿನ ಗೋಡೆ ಕುಸಿದು, ಅದರ ಪಕ್ಕ ಮಲಗಿದ್ದ ಮಗನ ಮೇಲೆ ಬಿತ್ತು. ಮುಂದಿನ ಕೋಣೆಯಲ್ಲಿದ್ದ ಅಜ್ಜಿ ಉಳಿದಳು. ಬಾಯಾರಿ ಅಡುಗೆಮನೆಗೆ ಹೋಗಿದ್ದ ಸೊಸೆ ಉಳಿದಳು. ಅಂದಿನಿಂದ ಆ ಹುಡುಗಿ ಹೊಳೆಯ ಕಡೆ ಮುಖ ಮಾಡಿದ್ದಿಲ್ಲ. ನಲ್ಲಿಯಲ್ಲಿ ಕೊಡ ತುಂಬುವಾಗಲೂ ಬೆನ್ನು ಆ ಕಡೆಗೇ ಇರುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಒಂದೇ ಟಾರ್ಪಾಲಿನ ಕೆಳಗೆ ಉಣ್ಣುತ್ತಿದ್ದರು, ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು, ಸತ್ತವನ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ.

ಗೋಡೆ ಮೊಣಕಾಲೆತ್ತರ ಇದ್ದಾಗಲೇ ಅಜ್ಜಿ ಕಿಟಕಿ ಕೇಳಿದ್ದಳು. ಡಾಕ್ಟರು "ನೋಡೋಣ ಅಜ್ಜಿ" ಅಂದಿದ್ದರು. ಹಲ್ಲು ಕೀಳುವ ಮುಂಚೆಯೂ ಅವರು ಹೀಗೇ "ನೋಡೋಣ" ಅನ್ನುತ್ತಿದ್ದರೇನೋ. ಆ ವಾರದ ತಂಡ ಹೋಯಿತು, ಹೊಸ ತಂಡ ಬಂತು, ನಕ್ಷೆಯಲ್ಲಿ ಇದ್ದ ಹಾಗೆ ಗೋಡೆ ಎದ್ದು ಸೂರು ಮುಟ್ಟಿತು.

"ಈಗ ಆಗಲ್ಲ ಅಜ್ಜಿ," ಡಾಕ್ಟರು ಇಸ್ತ್ರಿ ಮೇಜಿನ ಮುಂದೆ ಬಂದು ನಿಂತು ಹೇಳಿದರು. "ಆ ಗೋಡೇಲಿ ಅಷ್ಟೊಂದು ಜನರ ಪ್ರಾರ್ಥನೆ ಇದೆ. ಅದನ್ನ ಒಡೆದ್ವಿ ಅಂತ ನಾನು ಅವರಿಗೆ ಹೇಗೆ ಹೇಳ್ಲಿ?"

"ನಂಗೋಸ್ಕರ ತಾನೆ ಪ್ರಾರ್ಥನೆ ಮಾಡಿರೋದು?"

"ಹೌದು."

"ಹಂಗಿದ್ರೆ ನನ್ನ ಕೇಳಿ. ನಂಗೆ ಕಿಟಕಿ ಬೇಕು."

ಡಾಕ್ಟರು ತಲೆ ಕೆರೆದುಕೊಂಡರು. "ನಮ್ಮ ಕಮಿಟಿಯವರು ಕಟ್ಟುನಿಟ್ಟು ಅಜ್ಜಿ. ಕಟ್ಟಿದ ಮನೇನ ಹಂಗೇ ಒಪ್ಪಿಕೊಳ್ಳಬೇಕು. ಒಪ್ಪದೇ ಹೋದ್ರೆ ಮನೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತೆ. ನಾಳೆ ಪ್ರಾರ್ಥನೆ ಮುಗಿಸಿ ಬೀಗದ ಕೈ ಕೊಡಬೇಕು. ನೀವು ಬೇಡ ಅಂದುಬಿಟ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

"ಕೊಡಿ, ಮುಂದಿನವರಿಗೇ ಕೊಡಿ," ಅಜ್ಜಿ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತಿದಳು. "ಅವರಿಗೂ ಒಂದು ಕಿಟಕಿ ಇಟ್ಟು ಕೊಡಿ."

ಅಲ್ಲೇ ತರಕಾರಿ ಹೆಚ್ಚುತ್ತಿದ್ದ ಸೊಸೆಯ ಕೈ ನಿಂತುಹೋಯಿತು. ಡಾಕ್ಟರು ಅತ್ತ ಹೋಗಿದ್ದೇ ತಡ, ಅವಳು ತಿರುಗಿಬಿದ್ದಳು.

"ಅತ್ತೆ, ನಿಮಗೇನು ತಲೆ ಕೆಟ್ಟಿದ್ಯಾ? ಎಷ್ಟು ದಿನ ಈ ಟಾರ್ಪಾಲಿನ ಕೆಳಗೆ ಸಾಯೋದು? ನಂಗೆ ಆ ನೀರು ನೋಡೋಕೆ ಆಗಲ್ಲ."

"ನೀನು ನೋಡಬೇಡ ಕಣೇ. ನಾನು ನೋಡ್ತೀನಿ."

"ನೋಡಿ ಏನು ಮಾಡ್ತೀರಾ? ಬರೋ ನೀರನ್ನ ಬಡಿಗೆ ತಗೊಂಡು ಓಡಿಸ್ತೀರಾ?"

"ಓಡಿಸೋಕಾಗಲ್ಲ. ಆದ್ರೆ ಕಳ್ಳನ ಹಂಗೆ ಹಿಂದಿನಿಂದ ಬರೋಕೆ ಬಿಡಲ್ಲ. ಬರೋದಾದ್ರೆ ನನ್ನ ಕಣ್ಣೆದುರೇ ಬರಲಿ."

ಸೊಸೆ ಮುಖ ಊದಿಸಿಕೊಂಡು ಎದ್ದು ಹೋದಳು. ಈ ಹುಡುಗಿಗೆ ಒಂದು ಸೂರು ಆಗಲಿ ಎಂದು ಅಜ್ಜಿಯೂ ಬೇಡಿಕೊಂಡವಳೇ. ಆದರೂ ಅಂಥದೇ ಕುರುಡು ಗೋಡೆಗೆ ತಲೆ ಇಟ್ಟು ಈ ಹುಡುಗಿಯೂ ಮಲಗಬೇಕೆಂದರೆ ಅವಳು ಒಪ್ಪುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ತಂಡದವರು ಪ್ರಾರ್ಥನೆಗೆ ಎಂದು ಕೈ ಹಿಡಿದು ನಿಂತಾಗ ಮನೆಯ ಹಿಂದಿನಿಂದ ಠಣ್ ಠಣ್ ಎಂದು ಸದ್ದು ಕೇಳಿಸಿತು. ಎಲ್ಲರೂ ಓಡಿದರು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರದೇ ಹಾರೆ ಹಿಡಿದು ಗೋಡೆಗೆ ಕುಟ್ಟುತ್ತಿದ್ದಳು. ಸಿಮೆಂಟು ಇನ್ನೂ ಎಳೆಯದು. ಅಷ್ಟಾದರೂ ಕಿತ್ತದ್ದು ಒಂದೇ ಒಂದು ಇಟ್ಟಿಗೆ. ಅದನ್ನು ನೆಲಕ್ಕೆ ಎಸೆದಿರಲಿಲ್ಲ. ಒಗೆದ ಟವೆಲ್ ಹಾಸಿ ಅದರ ಮೇಲೆ ಇಟ್ಟಿದ್ದಳು.

"ಅಜ್ಜಿ, ನಿಲ್ಲಿಸಿ," ಡಾಕ್ಟರು ಮೊದಲ ಬಾರಿಗೆ ದನಿ ಏರಿಸಿದರು. "ಇದು ಸರಿಯಲ್ಲ. ನಾವು ನಿಮಗೇನು ಕೆಟ್ಟದ್ದು ಮಾಡಿದ್ವಿ?"

"ಕೆಟ್ಟದ್ದೇನೂ ಮಾಡಿಲ್ಲಪ್ಪ. ನಿಮ್ಮ ಋಣ ನಾನು ಈ ಜನ್ಮದಲ್ಲಿ ತೀರಿಸೋಕಾಗಲ್ಲ." ಅಜ್ಜಿ ಏದುಸಿರು ಬಿಡುತ್ತಿದ್ದಳು. "ಆದ್ರೆ ಆ ಹೊಳೆಗೆ ಹೆದರಿಕೊಂಡು ಬೆನ್ನು ತಿರುಗಿಸಿ ಕೂತ್ಕೋ ಅಂತ ಮಾತ್ರ ನಂಗೆ ಹೇಳಬೇಡಿ. ಅದು ನನ್ನ ಮಗನ್ನ ತಿಂದಿದೆ. ತಲೆ ತಗ್ಗಿಸಬೇಕಾದ್ದು ಅದು, ನಾನಲ್ಲ."

ಅಜ್ಜಿ ಮತ್ತೆ ಹಾರೆ ಎತ್ತಿದಳು. ಹಾರೆ ಕೈಯಿಂದ ಜಾರಿತು. ಕೆಳಗೆ ಬೀಳುವ ಮುಂಚೆ ಅದನ್ನು ಹಿಡಿದ ಕೈ ಸೊಸೆಯದು.

ಅವಳು ಕಿತ್ತುಕೊಂಡು ಹೋಗಿಬಿಡುತ್ತಾಳೆ ಎಂದುಕೊಂಡಳು ಅಜ್ಜಿ. ಸೊಸೆ ಅಲ್ಲೇ ನಿಂತಿದ್ದಳು, ಗೋಡೆಯನ್ನೇ ದಿಟ್ಟಿಸುತ್ತ.

"ನಾನು ಎಚ್ಚರ ಇದ್ದೆ ಅತ್ತೆ," ಅಂದಳು. "ಆವತ್ತು ಗೋಡೆ ಆಚೆ ಸದ್ದು ಕೇಳಿಸ್ತು. ಅವರನ್ನ ಎಬ್ಬಿಸಲಾ ಅಂದ್ಕೊಂಡೆ. ಗಾಳಿ ಇರಬೇಕು, ದಣಿದು ಮಲಗಿದ್ದಾರೆ, ಪಾಪ ಅಂತ ಸುಮ್ಮನೆ ನೀರು ಕುಡಿಯೋಕೆ ಎದ್ದು ಹೋದೆ. ಆಚೆ ನೋಡೋಣ ಅಂದ್ರೆ ನೋಡೋಕೆ ಒಂದು ಕಿಟಕಿ ಇರಲಿಲ್ಲ."

ಅಜ್ಜಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಸೊಸೆ ಅಳಲಿಲ್ಲ. ಹಾರೆ ಎತ್ತಿ, ಅತ್ತೆ ಕಿತ್ತಿದ್ದ ಸಂದಿಗೇ ಗುರಿಯಿಟ್ಟು ಹೊಡೆದಳು. ಒಂದು ಇಟ್ಟಿಗೆ ಅಲ್ಲಾಡಿತು. ಮತ್ತೊಂದು ಏಟಿಗೆ ಅದು ಸಡಿಲವಾಗಿ ಹೊರಗೆ ಇಣುಕಿತು.

"ಹಂಗೆ ಹೊಡೀಬೇಡಮ್ಮ," ಡಾಕ್ಟರು ಮುಂದೆ ಬಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. "ಮೇಲಿನ ಸಾಲು ತಲೆ ಮೇಲೆ ಬೀಳುತ್ತೆ. ಮೊದಲು ಮೇಲೆ ಆಸರೆ ಕೊಡಬೇಕು. ಆಮೇಲೆ ಒಂದೊಂದೇ. ಕೀಳೋ ಕೆಲಸ ನಂಗೆ ಬಿಡಿ, ಅದೊಂದು ನಂಗೆ ಸರಿಯಾಗಿ ಬರೋದು."

"ಕಮಿಟಿ?" ಗುಂಪಿನಿಂದ ಯಾರೋ ಕೇಳಿದರು.

"ಕಮಿಟಿಗೆ ನಾನು ಹೇಳ್ತೀನಿ. ಬೇಕಾದ್ರೆ ಇಲ್ಲಿಗೆ ಬಂದು ಈ ಅಜ್ಜಿ ಹತ್ರ ಮಾತಾಡಲಿ."

"ಬರಲಿ, ಬರಲಿ," ಅಂದ ಪಂಕ್ಚರ್ ಅಂಗಡಿಯವನು. "ನಮ್ಮ ಮನೆಗೂ ಒಂದು ಕಿಟಕಿ ಬೇಕಿತ್ತು."

ಆ ದಿನ ಬೀಗದ ಕೈ ಕೊಡುವ ಪ್ರಾರ್ಥನೆ ನಡೆಯಲಿಲ್ಲ. ಬೇಕರಿಯವರು ಆಸರೆಯ ಮರ ಹಿಡಿದರು, ಟೀಚರುಗಳು ಕಿತ್ತ ಇಟ್ಟಿಗೆಗಳ ಸಿಮೆಂಟು ಕೆರೆದು ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಅದೇ ಪ್ರಾರ್ಥನೆಯಾಯಿತು. ಇಟ್ಟಿಗೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಅಜ್ಜಿ ಕಿಟಕಿಯ ಕೆಳಗೆ, ಹೊರಗಡೆ, ಬೆರಳು ತೋರಿಸಿದಳು. ಅಲ್ಲೊಂದು ಜಗಲಿ ಕಟ್ಟಿದರು, ಹೆಸರುಗಳು ಮೇಲೆ ಕಾಣುವ ಹಾಗೆ.

"ಗೋಡೆಯೊಳಗೆ ಉಸಿರುಕಟ್ಟಿಕೊಂಡು ಕೂರೋ ಬದಲು ಅವರೂ ನನ್ನ ಜೊತೆ ಕೂತು ಹೊಳೆ ಕಾಯಲಿ," ಅಂದಳು ಅಜ್ಜಿ.

ಮನೆ ಅವಳ ಕೈ ತಪ್ಪಲಿಲ್ಲ. ಕಮಿಟಿಯವರು ಬಂದರು, ಆ ಜಗಲಿಯ ಮೇಲೆ ಕೂತು ಚಹಾ ಕುಡಿದರು, ತಮ್ಮ ತಮ್ಮ ಮನೆಯವರ ಹೆಸರು ಹುಡುಕಿದರು, ಹೋದರು. ಅಜ್ಜಿ ಇಸ್ತ್ರಿ ಮೇಜನ್ನು ಕಿಟಕಿಯ ಕೆಳಗೇ ಎಳೆದುಕೊಂಡಳು. ಒಂದು ಕಣ್ಣು ಬಟ್ಟೆಯ ಮೇಲೆ, ಒಂದು ಕಣ್ಣು ಹೊಳೆಯ ಮೇಲೆ. ಸೊಸೆ ಮಾತ್ರ ಇನ್ನೂ ಆ ಕಡೆ ಸುಳಿಯುತ್ತಿರಲಿಲ್ಲ. ಅಜ್ಜಿ ಒತ್ತಾಯಿಸಲೂ ಇಲ್ಲ.

ಮಳೆಗಾಲದ ಮೊದಲ ಮಳೆ ಒಂದು ಸಂಜೆ ಹಿಡಿಯಿತು. ನೀರು ಕೆಂಪಾಗಿ, ದಡ ನೆಕ್ಕುತ್ತ ಏರತೊಡಗಿತು. ಅಜ್ಜಿ ಇಸ್ತ್ರಿ ಪಕ್ಕಕ್ಕಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ಕಿಟಕಿಯಲ್ಲಿ ನಿಂತಳು. ಅನ್ನ ಆರಿ ತಣ್ಣಗಾಯಿತು. ಸೊಸೆ ಹಿಂದೆ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

"ಹೋಗಿ ಊಟ ಮಾಡಿ ಅತ್ತೆ," ಸೊಸೆ ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕಿಟಕಿಯ ಸರಳು ಹಿಡಿದು, ಹೊಳೆಗೆ ಮುಖ ಮಾಡಿ ನಿಂತಳು. "ಈಗ ನಾನು ನೋಡ್ತೀನಿ."