ಬಿಸಿ ಇದ್ದದ್ದು ಬೆಳ್ಳಗೆ

ಬೆಳ್ಳಗೆ ಒಂದು ಚುಕ್ಕೆ, ಅದರ ಪಕ್ಕ ಇನ್ನೊಂದು, ಆಮೇಲೆ ಒಂದು ಹಿಂಡು — ಕುರಿಗಳು, ಕುರಿಗಳೇ, ಬೆಟ್ಟದ ಬುಡದ ರೊಪ್ಪದಲ್ಲಿ ಒತ್ತೊತ್ತಾಗಿ ಮಲಗಿವೆ, ಪರದೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ, ಅವು ಕುರಿ ಕಣಣ್ಣ ಎನ್ನುತ್ತಾನೆ ರಾಮಾಂಜಿ, ಮಡಕಶಿರದ ಕಡೆಯವನು, ಸೋಲಾರ್ ಪ್ಲಾಂಟಿನಲ್ಲಿ ಯಾವ ಪ್ಯಾನೆಲ್ ಕೆಟ್ಟು ಬಿಸಿಯಾಗುತ್ತಿದೆ ಎಂದು ಡ್ರೋನ್ ಹಾರಿಸಿ ನೋಡುವುದು ಅವನ ಕೆಲಸ, ಶಾಖ ಕಾಣುವ ಕ್ಯಾಮೆರಾ ಈ ಸುತ್ತಮುತ್ತ ಅವನ ಹತ್ತಿರ ಮಾತ್ರ ಇರುವುದು, ಅದಕ್ಕೇ ಎಸ್ಸೈ ಅವನನ್ನು ಕರೆಸಿದ್ದಾರೆ, ನನ್ನ ಅಮ್ಮನನ್ನು ಹುಡುಕಲು. ಇನ್ನೂ ಹೊತ್ತು ಹುಟ್ಟಿಲ್ಲ. ಗಾಳಿ ತಣ್ಣಗಿದೆ, ಒಳ್ಳೆಯದು, ತಣ್ಣಗಿದ್ದಷ್ಟೂ ಒಳ್ಳೆಯದು, ಕಲ್ಲು ಆರಿರುತ್ತದೆ, ಉಸಿರಾಡುವ ಜೀವ ದೀಪದ ಹಾಗೆ ಹೊಳೆಯಬೇಕು, ಹೊಳೆಯಲಿ, ಎಲ್ಲಿದ್ದರೂ ಹೊಳಿ ಅಮ್ಮ.

ನಿನ್ನೆ ಮಧ್ಯಾಹ್ನ ನಾನು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿದ್ದೆ, ಮಿಷನ್ನುಗಳ ಗದ್ದಲದಲ್ಲಿ ಫೋನಿನಲ್ಲಿ ಹೆಂಡತಿ ಮಂಗಳಾಳ ಮಾತು ಅರ್ಧವೇ ಕೇಳಿಸಿತು, ರೀ, ಬಟ್ಟಿ ಒಣಹಾಕಾಕ ಮ್ಯಾಲೆ ಹೋಗಿದ್ದೆ, ಇಳದು ಬಂದ್ರ ಅತ್ತಿ ಇಲ್ಲ, ಚಪ್ಪಲಿ ಇಲ್ಲೇ ಅದಾವ — ಬರಿಗಾಲಲ್ಲಿ, ರಾಯದುರ್ಗದ ಬೇಸಿಗೆಯಲ್ಲಿ, ಮಧ್ಯಾಹ್ನ. ಮರೆವು ಹತ್ತಿದಾಗಿನಿಂದ ಅಮ್ಮನಿಗೆ ಒಂದೇ ಹಟ, ಬೆಟ್ಟದ ಮ್ಯಾಲೆ ನಮ್ಮವ್ವ ಕಾಯಾಕತ್ತ್ಯಾಳ, ಬಿಡ್ರಿ ನನ್ನ, ಆ ಅವ್ವ ಸತ್ತಾಗ ನಾನಿನ್ನೂ ಹುಟ್ಟಿರಲಿಲ್ಲ. ಸೋಡಾ ಅಂಗಡಿಯ ಯರ್ರಿಸ್ವಾಮಿ ನೋಡಿದ್ದನಂತೆ, ನಿಮ್ಮ ತಾಯ್ಯಾರು ಬೆಟ್ಟದ ಕೋಟಿ ಕಡಿ ಹೊಂಟಿದ್ರು ಸಿದ್ದರಾಮೇಶಣ್ಣ, ಎಲ್ಲಿಗ್ರಿ ಅಂದೆ, ಈಗ ಬರ್ತೀನಪ್ಪ ಅಂದ್ರು, ನಕ್ಕೋತ ಅಂದ್ರು. ನಕ್ಕಳಂತೆ. ಕೂಗುತ್ತ ಬೆಟ್ಟ ಹತ್ತಿದೆ, ಅಮ್ಮಾ ಎಂದರೆ ಬಂಡೆಗಳೂ ಅಮ್ಮಾ ಎನ್ನುತ್ತಿದ್ದವು. ಸಂಜೆಗೆ ರಾಮಾಂಜಿ ಬಂದ, ಡ್ರೋನ್ ಮೇಲೇರಿತು, ಪರದೆ ನೋಡಿದೆ — ಇಡೀ ಬೆಟ್ಟ ಬೆಳ್ಳಗೆ, ಸುಣ್ಣ ಬಳಿದ ಗೋಡೆ, ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಈಗ ಅದನ್ನು ಕಕ್ಕುತ್ತಿದೆ, ಕಲ್ಲೂ ಕಾದೈತೆ ಮನ್ಸಾನೂ ಅಷ್ಟೇ ಕಾದಿರ್ತಾನೆ, ಎಂಗಣ್ಣ ಕಂಡಿಡಿಯೋದು, ಬೆಳಗಿನ ಜಾವ ಬರಾನ, ಕಲ್ಲು ಆರಲಿ, ಎಂದ ರಾಮಾಂಜಿ.

ನನಗೆ ಗೊತ್ತಿತ್ತು, ಅವನು ಹೇಳುವ ಮೊದಲೇ, ಇದನ್ನೇ ತಿಂಗಳುಗಟ್ಟಲೆ ಬರೆದಿದ್ದೆ ನಾನು, ಕಂಪ್ಯೂಟರಿನಲ್ಲಿ ಆಡುವ ಯುದ್ಧವಿಮಾನದ ಆಟದ ಫೋರಮ್ಮಿನಲ್ಲಿ, ಆಡುವವರೆಲ್ಲ ಬರೆಯುವ ಜಾಗದಲ್ಲಿ, ನಿಮ್ಮ ಶಾಖ ಹುಡುಕುವ ಕ್ಷಿಪಣಿ ಸುಳ್ಳು, ಮರುಭೂಮಿಯ ನಡುಹಗಲಲ್ಲೂ ಟ್ಯಾಂಕು ಬೆಳ್ಳಗೆ ಎದ್ದು ಕಾಣುತ್ತದೆ, ಗುಂಡಿ ಒತ್ತಿದ ಕೂಡಲೇ ಹಸಿರು ಚೌಕ ಬಂದು ಅದನ್ನು ಕಚ್ಚಿಕೊಳ್ಳುತ್ತದೆ, ನಿಜದಲ್ಲಿ ಹಾಗಿಲ್ಲ, ನಮ್ಮೂರ ಬಂಡೆಯ ಮೇಲೆ ಸಂಜೆ ಕೂತು ನೋಡಿ. ಯಾರೋ ಬರೆದ, ಅಣ್ಣಾ ಆಟ ಆಡು, ಪಾಠ ಮಾಡಬೇಡ. ಆಟ ಮಾಡಿದವರೂ ಬರೆದರು, ಆಡುವವರಿಗೆ ಗುರಿ ಕಾಣದಿದ್ದರೆ ಆಡುವುದು ಹೇಗೆ. ನನಗೆ ಸಿಟ್ಟು ಬಂದಿತ್ತು. ನಿನ್ನೆ ಸಂಜೆ ಆ ಬೆಳ್ಳನೆಯ ಬೆಟ್ಟದ ಮುಂದೆ ನಿಂತು ನಾನು ಆ ಸುಳ್ಳನ್ನೇ ಬೇಡಿದೆ, ಒಂದು ಸಲ ಬರಲಿ ಆ ಚೌಕ, ಎಲ್ಲಿದ್ದಾಳೋ ಅಲ್ಲಿ ಹೋಗಿ ಕಚ್ಚಿಕೊಳ್ಳಲಿ. ನಾನು ಆಡುವಾಗೆಲ್ಲ ಅಮ್ಮ ನನ್ನ ಹಿಂದೆ ಕೂತು ಆಟ ನೋಡುತ್ತಿದ್ದಳು, ಹತ್ತಿ ಬತ್ತಿ ಹೊಸೆಯುತ್ತ, ಅದೇನಪ್ಪಾ ಬೆಳ್ಳಗ, ಬಿಸಿ ಇದ್ದದ್ದು ಬೆಳ್ಳಗ ಕಾಣ್ತೈತಮ್ಮ, ಮಂದೀನೂನಾ, ಮಂದೀನೂ, ಪಾಪ ಅವರಿಗೆ ತಿಳಿಯಂಗಿಲ್ಲೇನು ನೀ ಮ್ಯಾಲಿಂದ ನೋಡಾಕತ್ತೀದಿ ಅಂತ, ಇಲ್ಲಮ್ಮ, ಹಂಗಾರ ಒಂದು ಕೂಗಾದ್ರೂ ಹಾಕೋ ಸಿದ್ದಾ, ಓಡಿ ಹೋಗ್ಲಿ.

ಇವತ್ತು ಚೆನ್ನಾಗ್ ಕಾಣ್ತೈತೆ ನೋಡಣ್ಣ, ಎನ್ನುತ್ತಾನೆ ರಾಮಾಂಜಿ, ಹೌದು, ಕಪ್ಪು, ಅಚ್ಚಗಪ್ಪು ಬೆಟ್ಟ, ಕೋಟೆಗೋಡೆಯ ಕಲ್ಲು ಕಲ್ಲೂ ಬೇರೆ ಬೇರೆ, ಒಂದು ಮೊಲ ಓಡಿದರೂ ಕಿಡಿಯಂತೆ ಕಾಣುತ್ತಿದೆ, ಇನ್ನು ಅಮ್ಮ ಕಾಣದೇ ಇರುತ್ತಾಳೆಯೇ, ಆ ಗುಡಿಯ ಹಿಂದೆ ನೋಡು, ಇಲ್ಲ, ಹೊಂಡದ ದಂಡೆ, ಇಲ್ಲ, ಮೇಲಿನ ಬುರುಜು, ಒಂದು ಬಿಳಿ, ಬಿಳಿ — ನಾಯಿ ಕಣಣ್ಣ, ಬಾಲ ನೋಡು. ಎಸ್ಸೈ ನನ್ನ ಭುಜ ಮುಟ್ಟುತ್ತಾರೆ, ಬೆಟ್ಟದ ಮ್ಯಾಲೆ ಇಲ್ಲ ಅಂದ್ರ ಛಲೋನೇ ಅಲ್ರಿ, ಬಸ್ ಹತ್ತಿ ಎಲ್ಲಿಗಾರ ಹೋಗಿರ್ತಾರ, ಬೆಳುಗುಪ್ಪ ಠಾಣೆಗೂ ಫೋನ್ ಮಾಡಿಸ್ತೀನಿ, ಹೌದು, ಬಸ್ಸು, ಬಸ್ಸೇ, ಯಾರದೋ ಮನೆಯ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಿರಬಹುದು, ಡ್ರೋನ್ ವಾಲುತ್ತದೆ, ಎರಡು ದೊಡ್ಡ ಬಂಡೆಗಳ ನಡುವಿನ ಸಂದು ಪರದೆಯಲ್ಲಿ ಹಾದುಹೋಗುತ್ತದೆ, ಎಲ್ಲಾ ಕಪ್ಪು, ಖಾಲಿ, ಇಲ್ಲೇನೂ ಇಲ್ಲ ಎನ್ನುತ್ತಾನೆ ರಾಮಾಂಜಿ, ಅವನು ಬಿಳಿಯನ್ನು ಹುಡುಕುತ್ತಿದ್ದಾನೆ, ಎಲ್ಲರೂ ಬಿಳಿಯನ್ನೇ, ಆದರೆ ಆ ಕಪ್ಪಿನಲ್ಲಿ ಒಂದು ದುಂಡು, ಅದರ ಕೆಳಗೆ ಇಳಿಜಾರಾದ ಒಂದು ಗೆರೆ, ಕಲ್ಲಿಗೆ ಅಂಥ ಗೆರೆ ಇರುವುದಿಲ್ಲ, ಭುಜಕ್ಕೆ ಇರುತ್ತದೆ. ಅವನ ತೋಳು ಹಿಡಿಯುತ್ತೇನೆ. ಏನಣ್ಣ, ಎನ್ನುತ್ತಾನೆ, ಹಿಂದಕ್ಕ, ಹಿಂದಕ್ಕ ತಗೋ, ಎಲ್ಲಿಗೆ, ಆ ಸಂದಿಗೆ, ಅಲ್ಲೇನೂ ಇರಲಿಲ್ಲ ಕಣಣ್ಣ, ತಗೋ ಅಂದ್ನಲ್ಲ — ಡ್ರೋನ್ ತಿರುಗುತ್ತದೆ, ಇಳಿಯುತ್ತದೆ, ಎಸ್ಸೈ ಟೋಪಿ ತೆಗೆಯುತ್ತಾರೆ, ಯಾಕೆ ತೆಗೆಯುತ್ತಾರೆ, ತೆಗೆಯಬೇಡಿ, ಬರೀ ನೆರಳಿರಬಹುದು, ನೆರಳೇ, ಬಂಡೆಗೆ ಒರಗಿ ಕೂತ ನೆರಳು, ತಲೆ ತುಂಬ ಸೆರಗು, ಸೆರಗೂ ಕಲ್ಲಿನ ಬಣ್ಣ, ಮುಖವೂ ಕಲ್ಲಿನ ಬಣ್ಣ, ಮಡಿಲಲ್ಲಿ ಕೈಗಳು, ಕಲ್ಲಿನ ಬಣ್ಣ, ತಲೆ ತುಂಬ ಸೆರಗು, ತಲೆ ತುಂಬ ಸೆರಗು